ಆಯಿಲ್ ಯಾವಾಗ ಸೋರುತ್ತೆ? ಹಳೇ ತೋಟದ ಟ್ರ್ಯಾಕ್ಟರ್ ರಿಪೇರಿಯ ಅನುಭವ

ಹೈಡ್ರಾಲಿಕ್ ಆಯಿಲ್ ಸೋರುತ್ತಿದೆ ಎಂದು ಗಾಡಿ ತಂದವರನ್ನು ನಾನು ಮೊದಲು ಕೇಳುವುದು ‘ಯಾವಾಗ ಸೋರುತ್ತೆ?’ ಎಂದು. ಎಲ್ಲಿ ಅಂತ ಕೇಳಿ ಉಪಯೋಗವಿಲ್ಲ. ಆಯಿಲ್ ಕಣ್ಣಿಗೆ ಬೀಳುವುದು ಅದು ತೊಟ್ಟಿಕ್ಕುವ ಜಾಗದಲ್ಲಿ. ಅದು ಹೊರಬಂದ ಜಾಗ ಎರಡು ಅಡಿ ಹಿಂದೆಯೋ ಮೇಲೆಯೋ ಇರುತ್ತದೆ. ಪೈಪಿನ ಹೊಟ್ಟೆಯಡಿ ಹರಿದು, ಹೌಸಿಂಗಿನ (ಗೇರು, ಕ್ಲಚ್ ಕೂತಿರುವ ಹೊರಕವಚ) ಅಂಚು ಹಿಡಿದು, ಯಾವುದೋ ಬೋಲ್ಟಿನ ತಲೆಯಿಂದ ಹನಿಯುತ್ತದೆ. ಪಾಪ, ಆ ಬೋಲ್ಟಿಗೆ ಬೈಗುಳ.

ನಮ್ಮ ಚನ್ನಗಿರಿ ಕಡೆ ಅಡಿಕೆ ತೋಟಗಳಲ್ಲಿ ಒಂಬತ್ತು ಅಡಿ ಅಂತರಕ್ಕೆ ಗಿಡ ಹಾಕಿರುತ್ತಾರೆ. ಅದರೊಳಗೆ ದೊಡ್ಡ ಟ್ರ್ಯಾಕ್ಟರ್ ತಿರುಗುವುದಿಲ್ಲ. ಹಾಗಾಗಿ ಹದಿನೆಂಟು, ಇಪ್ಪತ್ತು ಎಚ್‌ಪಿಯ ಸಣ್ಣ ಗಾಡಿಗಳು. ಹಿಂದೆ ಮಣ್ಣು ಪುಡಿಮಾಡುವ ರೋಟವೇಟರ್ ಕಟ್ಟಿ ಸಾಲಿನ ಕೊನೆಗೆ ಬಂದಾಗಲೆಲ್ಲ ಎತ್ತು, ತಿರುಗಿಸು, ಇಳಿಸು. ಹೊಲ ಉಳುವ ಗಾಡಿಗಿಂತ ತೋಟದ ಗಾಡಿಯ ಲಿಫ್ಟ್, ಅಂದರೆ ಹೈಡ್ರಾಲಿಕ್ ಆಯಿಲ್ಲಿನ ಒತ್ತಡದಿಂದ ಹಿಂದಿನ ಸಲಕರಣೆ ಎತ್ತುವ ಭಾಗ, ಜಾಸ್ತಿ ಕೆಲಸ ಮಾಡುತ್ತದೆ. ಸಾಲದ್ದಕ್ಕೆ ಸದಾ ತೇವ, ಕೆಸರು, ಹಾಳೆ ಸೋಗೆಗಳ ಪುಡಿ. ಹಳೆಯದಾದ ಮೇಲೆ ಆಯಿಲ್ ಸೋರದ ಗಾಡಿ ನಾನು ಕಂಡಿಲ್ಲ.

ನಾನು ಹೇಳಹೊರಟ ಗಾಡಿ ಹೀಗೆ ಬಂದದ್ದು. ಕ್ಲಚ್ ಹೌಸಿಂಗಿನ ಕೆಳಗೆ ಆಯಿಲ್. ಬೇರೆ ಕಡೆ ತೋರಿಸಿದಾಗ ‘ಒಳಗಿನ ಸೀಲ್ (ಆಯಿಲ್ ತಡೆಯುವ ರಬ್ಬರ್ ಬಳೆ) ಹೋಗಿದೆ, ಗಾಡಿ ನಡು ಬಿಚ್ಚಿ ಎರಡು ಭಾಗ ಮಾಡಬೇಕು’ ಎಂದಿದ್ದರಂತೆ. ಅದು ಸಣ್ಣ ಮಾತಲ್ಲ. ಇಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ ಜಾಕಿ ಕೊಟ್ಟು ನಿಲ್ಲಿಸಬೇಕು. ಕೂಲಿಯೂ ಜಾಸ್ತಿ, ಔಷಧಿ ಹೊಡೆಯುವ ಹೊತ್ತಿನಲ್ಲಿ ಗಾಡಿಯೂ ಇರುವುದಿಲ್ಲ. ಯಜಮಾನರಿಗೆ ಮನಸ್ಸಿರಲಿಲ್ಲ.

“ಯಾವಾಗ ಸೋರುತ್ತೆ ಯಜಮಾನ್ರೇ?”

“ಕೆಲಸ ಮಾಡುವಾಗ ಏನೂ ಇಲ್ಲ ಮೇಸ್ತ್ರಿ. ಬೆಳಿಗ್ಗೆ ಬಂದು ನೋಡಿದ್ರೆ ಕೆಳಗೆ ಮಡು. ಇನ್ನೊಂದು ವಿಚಿತ್ರ ಅಂದ್ರೆ, ಒಂದಷ್ಟು ಹೋದ ಮೇಲೆ ತಾನೇ ನಿಂತುಬಿಡುತ್ತೆ. ಮತ್ತೆ ಆಯಿಲ್ ಹಾಕಿದ್ರೆ ಮತ್ತೆ ಶುರು.”

ಅರ್ಧ ಕೆಲಸ ಅವರ ಬಾಯಿಂದಲೇ ಆಯಿತು.

ಇದು ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಥ ಸಣ್ಣ ಗಾಡಿಗಳಲ್ಲಿ ಹೈಡ್ರಾಲಿಕ್ಕಿಗೆ ಬೇರೆ ಟ್ಯಾಂಕ್ ಇರುವುದಿಲ್ಲ. ಹಿಂದಿನ ಗೇರ್ ಹೌಸಿಂಗಿನ ಆಯಿಲ್ಲೇ ಲಿಫ್ಟಿಗೂ. ಪಂಪ್ ಮುಂದೆ ಇಂಜಿನ್ ಪಕ್ಕದಲ್ಲಿ ಕೂತಿರುತ್ತದೆ. ಹಿಂದಿನಿಂದ ಮುಂದಕ್ಕೆ ದಪ್ಪ ಪೈಪ್ ಒಂದು ಆಯಿಲ್ ಎಳೆದು ತರುತ್ತದೆ. ಅದು ಸಕ್ಷನ್ ಕಡೆ. ಪಂಪಿನಿಂದ ಸಣ್ಣ ಗಟ್ಟಿ ಪೈಪ್ ಒಂದು ವಾಪಸ್ ಲಿಫ್ಟಿನ ಕಂಟ್ರೋಲ್ ವಾಲ್ವಿಗೆ ಹೋಗುತ್ತದೆ. ಅದು ಪ್ರೆಷರ್ ಕಡೆ. ಮ್ಯಾಸಿ ಫರ್ಗುಸನ್ ಕಂಪನಿಯ 1035 ಥರದ ಗಾಡಿಗಳಲ್ಲಿ ಈ ಕಥೆ ಬೇರೆ. ಹ್ಯಾರಿ ಫರ್ಗುಸನ್ 1939ರಲ್ಲಿ ಫೋರ್ಡ್ ಜೊತೆ ಸೇರಿ ತಂದ 9ಎನ್ ಗಾಡಿಯ ಕಾಲದಿಂದಲೂ ಆ ಪದ್ಧತಿಯಲ್ಲಿ ಪಂಪ್ ಆಯಿಲ್ಲಿನೊಳಗೇ ಮುಳುಗಿರುತ್ತದೆ. ಹೊರಗೆ ಸಕ್ಷನ್ ಪೈಪೇ ಇಲ್ಲ. ಅಲ್ಲಿ ಸೋರಿದರೂ ಒಳಗೇ ಸೋರುತ್ತದೆ, ಲಿಫ್ಟ್ ಎತ್ತಲಿಲ್ಲ ಎಂದಾಗಲೇ ಗೊತ್ತಾಗುವುದು.

ಪಂಪ್ ಹೊರಗಿರುವ ಗಾಡಿಯಲ್ಲಿ ಹೊತ್ತು ನೋಡಿಯೇ ಜಾಗ ಹೇಳಬಹುದು. ರೋಟವೇಟರ್ ಎತ್ತುವ ಗಳಿಗೆಯಲ್ಲಿ ಮಾತ್ರ ಚಿಮ್ಮುತ್ತದೆಯೇ? ಪ್ರೆಷರ್ ಕಡೆ ನೋಡಿ. ನಿಂತಾಗಲೂ ಓಡುವಾಗಲೂ ಒಂದೇ ಸಮ ಜಿನುಗುತ್ತದೆಯೇ? ಪಂಪಿನ ತಂಟೆಗೆ ಹೋಗಬೇಡಿ. ಹೌಸಿಂಗ್ ಗ್ಯಾಸ್ಕೆಟ್ (ಜೋಡಣೆಯ ನಡುವಿನ ತೆಳು ಹಾಳೆ), ಡ್ರೈನ್ ಪ್ಲಗ್, ಆಕ್ಸಲ್ ಸೀಲ್, ಇಷ್ಟೇ. ಓಡುವಾಗ ಒಣಗಿದ್ದು ನಿಲ್ಲಿಸಿದ ಮೇಲೆ ಸೋರಿದರೆ ಸಕ್ಷನ್ ಕಡೆ. ಯಾಕೆಂದರೆ ಪಂಪ್ ಎಳೆಯುವಾಗ ಆ ಪೈಪಿನೊಳಗೆ ಒತ್ತಡ ಹೊರಗಿಗಿಂತ ಕಡಿಮೆ. ಬಿರುಕಿದ್ದರೆ ಆಯಿಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ತೂತಾದ ಸ್ಟ್ರಾದಲ್ಲಿ ಎಳನೀರು ಎಳೆದ ಹಾಗೆ. ಇಂಜಿನ್ ನಿಂತ ಮೇಲೆ ಎಳೆಯುವವರಿಲ್ಲ. ಆಯಿಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಹಿಂದಿನ ಹೌಸಿಂಗಿನ ಲೆವೆಲ್ ಆ ಬಿರುಕಿನ ಎತ್ತರಕ್ಕೆ ಇಳಿಯುವವರೆಗೆ ಸೋರಿ, ಆಮೇಲೆ ತಾನೇ ನಿಲ್ಲುತ್ತದೆ. ಯಜಮಾನರ ‘ವಿಚಿತ್ರ’ ಇದೇ.

ಇನ್ನೂ ಒಂದಿದೆ, ಇದನ್ನು ಮರೆಯುವವರೇ ಹೆಚ್ಚು. ಹೈಡ್ರಾಲಿಕ್ ಆಯಿಲ್ ಇಳಿಯುತ್ತಾ ಇರುತ್ತದೆ, ನೆಲದ ಮೇಲೆ ಒಂದು ಹನಿ ಇಲ್ಲ. ಆಗ ಇಂಜಿನ್ ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ಎಳೆದು ನೋಡಿ. ಇಂಜಿನ್ ಆಯಿಲ್ ಗುರುತಿಗಿಂತ ಮೇಲೆ ಬಂದಿದ್ದರೆ, ಪಂಪ್ ಶಾಫ್ಟಿನ ಸೀಲ್ ಹೋಗಿ ಆಯಿಲ್ ಇಂಜಿನ್ನಿನೊಳಗೆ ಸೇರುತ್ತಿದೆ ಎಂದರ್ಥ. ಹಾಗೇ ಓಡಿಸಿದರೆ ಇಂಜಿನ್ ಆಯಿಲ್ ಕೆಟ್ಟು ಬೇರಿಂಗಿಗೆ ಬರುತ್ತದೆ. ಆಗ ಸೀಲಿನ ಖರ್ಚು ನೆನಪೂ ಇರುವುದಿಲ್ಲ. ಈ ಗಾಡಿಯಲ್ಲಿ ನೋಡಿದೆ, ಲೆವೆಲ್ ಸರಿ ಇತ್ತು.

ಕ್ಲಚ್ ಹೌಸಿಂಗಿನ ಅನುಮಾನವನ್ನೂ ಬಗೆಹರಿಸಬೇಕಿತ್ತು. ಅಲ್ಲಿ ಕೆಳಗೊಂದು ತೂತು ಇರುತ್ತದೆ. ಒಳಗಿನ ಸೀಲ್ ಹೋಗಿದ್ದರೆ ಆಯಿಲ್ ಆ ತೂತಿನಿಂದ ಬರಬೇಕು, ಕ್ಲಚ್ ಪುಡಿ ಸೇರಿ ಕಪ್ಪಗೆ, ಮಂದವಾಗಿ ಬರಬೇಕು. ಬೆರಳು ಒಳಗೆ ಸವರಿದರೆ ಒಣಗಿತ್ತು. ಹೊರಗೆ ಮಾತ್ರ ಜೇನಿನ ಬಣ್ಣದ ಆಯಿಲ್. ಕ್ಲಚ್ ಜಾರುವ ದೂರೂ ಇರಲಿಲ್ಲ. ಗಾಡಿ ಬಿಚ್ಚುವ ಮಾತು ಅಲ್ಲಿಗೆ ಬಿಟ್ಟೆವು.

ಮುಂದಿನದು ಬೇಸರದ ಕೆಲಸ, ಆದರೆ ನಿಜವಾದ ಕೆಲಸ ಅದೇ: ತೊಳೆಯುವುದು. ವರ್ಷಗಟ್ಟಲೆ ಆಯಿಲ್ ಮೇಲೆ ಮಣ್ಣು ಕೂತು ಬೆಲ್ಲದ ಪಾಕದ ಥರ ಅಂಟಿರುತ್ತದೆ. ಕೆರೆದು, ಡೀಸೆಲ್ ಹಾಕಿ ಬ್ರಷ್ಷಿನಲ್ಲಿ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿದೆವು. ನನ್ನ ಕೈಕೆಳಗಿನ ಹುಡುಗ ಗೊಣಗಿದ. “ಅಣ್ಣಾ, ರಿಪೇರಿ ಮಾಡ್ಸೋಕೆ ಬಂದಿದಾರೋ, ವಾಟರ್ ಸರ್ವಿಸ್‌ಗೋ?” ಪೂರ್ತಿ ಒಣಗಿದ ಮೇಲೆ ಜಾಯಿಂಟುಗಳ ಸುತ್ತ ಟಾಲ್ಕಂ ಪೌಡರ್ ಉದುರಿಸಿದೆವು. ಸೀಮೆಸುಣ್ಣದ ಪುಡಿಯೂ ಆಗುತ್ತದೆ. ಆಯಿಲ್ ತಾಕಿದ ಕಡೆ ಪುಡಿ ಬಣ್ಣ ತಿರುಗುತ್ತದೆ. ಲೆವೆಲ್ ತುಂಬಿಸಿ, ಅವರ ಕೊಟ್ಟಿಗೆಯಲ್ಲಿ ನಿಲ್ಲಿಸುವ ಹಾಗೇ ಮೂತಿ ಇಳಿಜಾರಿಗೆ ಮಾಡಿ ರಾತ್ರಿ ಬಿಟ್ಟೆವು.

ಬೆಳಿಗ್ಗೆ ನೋಡಿದರೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಸಕ್ಷನ್ ಪೈಪಿನ ನಡುವೆ ಒಂದು ರಬ್ಬರ್ ಜೋಡಣೆ ಇದೆ. ಅದರ ಹಿಂದಿನ ಕ್ಲಾಂಪಿನ ಅಡಿಯಿಂದ ಹೊರಟು, ಪೈಪಿನ ಕೆಳಬದಿಯಲ್ಲೇ ಮುಂದಕ್ಕೆ ಹರಿದು, ಕ್ಲಚ್ ಹೌಸಿಂಗಿಗೆ ತಾಕುವ ಬ್ರಾಕೆಟ್ ಹಿಡಿದು ಕೆಳಗೆ. ಕ್ಲಾಂಪ್ ಬಿಚ್ಚಿದರೆ ರಬ್ಬರ್ ಊದಿಕೊಂಡು ಮೆತ್ತಗಾಗಿತ್ತು, ಉಗುರಿನಲ್ಲಿ ಒತ್ತಿದರೆ ಕಿತ್ತು ಬರುತ್ತಿತ್ತು. ಯಾರೋ ನೀರಿನ ಹೋಸ್ ತುಂಡು ಹಾಕಿದ್ದರು. ರೇಡಿಯೇಟರ್ ನೀರಿಗೆ ಆಗುವ ರಬ್ಬರ್ ಆಯಿಲ್ಲಿಗೆ ಆಗುವುದಿಲ್ಲ. ಆಯಿಲ್ಲಿಗೆ ನೈಟ್ರೈಲ್ ರಬ್ಬರ್ ಬೇಕು. ಸಕ್ಷನ್ನಿಗಾದರೆ ಒಳಗೆ ತಂತಿ ಸುತ್ತಿದ ಹೋಸ್ ಬೇಕು, ಇಲ್ಲದಿದ್ದರೆ ಪಂಪ್ ಎಳೆಯುವ ರಭಸಕ್ಕೆ ಚಪ್ಪಟೆಯಾಗುತ್ತದೆ. ಸರಿಯಾದ ಹೋಸ್ ತಂದು, ಪೈಪಿನ ತುದಿಯ ತುಕ್ಕನ್ನು ಎಮರಿ ಪೇಪರಿನಲ್ಲಿ ತೆಗೆದು, ಎರಡೂ ಕಡೆ ಹೊಸ ಕ್ಲಾಂಪ್ ಹಾಕಿದೆವು.

ಲಿಫ್ಟ್ ಎತ್ತುವಾಗ ಕುಂಯ್ ಎಂದು ಕೂಗುತ್ತದೆ, ಜಗ್ಗಿ ಜಗ್ಗಿ ಏಳುತ್ತದೆ ಎಂದೂ ಹೇಳಿದ್ದರು. ಅದು ಗಾಳಿ ಸೇರಿದ ಗುರುತು. ಆದರೆ ಅದೇ ಸದ್ದು ಆಯಿಲ್ ಸಿಗದೆ ಒದ್ದಾಡುವ ಪಂಪಿನಿಂದಲೂ ಬರುತ್ತದೆ. ಆದ್ದರಿಂದ ಸಕ್ಷನ್ ಫಿಲ್ಟರ್ ತೆಗೆಯದೆ ಗಾಡಿ ಕಳಿಸಬಾರದು. ಜಾಲರಿ ಬಿಚ್ಚಿದರೆ ಅರ್ಧ ಮುಚ್ಚಿತ್ತು. ಅದರಲ್ಲಿದ್ದದ್ದು ಬಹುಪಾಲು ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟಿನ ಚೂರುಗಳು. ಈ ಪೇಸ್ಟಿನ ಮೇಲೆ ನನಗೆ ಮೊದಲಿನಿಂದ ಸಿಟ್ಟು. ತೆಳುವಾಗಿ ಸವರಿದರೆ ಒಳ್ಳೆಯದೇ. ಟ್ಯೂಬ್ ಹಿಂಡಿ ದಪ್ಪಗೆ ಬಳಿದರೆ ಹೊರಗೆ ಬಂದಷ್ಟೇ ಒಳಗೂ ಬರುತ್ತದೆ, ಕಿತ್ತು ಆಯಿಲ್ಲಿನಲ್ಲಿ ತೇಲಿ ಜಾಲರಿಗೆ ಹೋಗಿ ಕೂರುತ್ತದೆ. ಆಯಿಲ್ ಕೂಡ ಬೇರೆ ಸುರಿದಿದ್ದರು, ದಪ್ಪನೆಯ 90 ನಂಬರ್ ಗೇರ್ ಆಯಿಲ್. ದಪ್ಪಗಿದ್ದರೆ ಸೋರುವುದಿಲ್ಲ ಎಂಬ ಲೆಕ್ಕ. ಚಳಿಯ ಬೆಳಿಗ್ಗೆ ಆ ದಪ್ಪ ಆಯಿಲ್ಲನ್ನು ಎಳೆಯಲು ಪಂಪಿಗೆ ಆಗುವುದಿಲ್ಲ. ಪೂರ್ತಿ ಇಳಿಸಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಆಯಿಲ್ ಹಾಕಿದೆವು.

ಹೌಸಿಂಗಿನ ಮೇಲೆ ಬ್ರೀದರ್ ಅಂತ ಒಂದು ಪುಟ್ಟ ಟೋಪಿ ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಆಯಿಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅಲ್ಲಿಂದ ಹೊರಗೆ ಹೋಗಬೇಕು. ಇದರಲ್ಲಿ ಕೆಸರು ಒಣಗಿ ಕಲ್ಲಾಗಿತ್ತು. ದಾರಿ ಮುಚ್ಚಿದರೆ ಒಳಗೆ ಒತ್ತಡ ಕಟ್ಟಿ ಆಯಿಲ್ಲನ್ನು ಸೀಲುಗಳ ತುಟಿಯಿಂದ ತಳ್ಳುತ್ತದೆ. ಒಂದೇ ಆಕ್ಸಲ್ ಸೀಲನ್ನು ಮತ್ತೆ ಮತ್ತೆ ಬದಲಾಯಿಸುವವರು ಇದನ್ನೊಮ್ಮೆ ತೊಳೆದು ನೋಡಬೇಕು.

ಇಷ್ಟಾದ ಮೇಲೆ ಗಾಡಿ ಶುರು ಮಾಡಿ ರೋಟವೇಟರ್ ಎತ್ತಿದರೆ, ಪಂಪಿನ ಬಾಯಲ್ಲಿ ಸಣ್ಣ ಜಿನುಗು. ಹೊಸದು! ನಿಜದಲ್ಲಿ ಹೊಸದಲ್ಲ. ಗಾಳಿ ಸೇರಿ ಪಂಪ್ ಸರಿಯಾಗಿ ಒತ್ತುತ್ತಿರಲಿಲ್ಲ, ಈಗ ಒತ್ತುತ್ತಿದೆ. ಅಲ್ಲಿದ್ದದ್ದು ಬ್ಯಾಂಜೊ ಬೋಲ್ಟ್ (ಒಳಗೆ ಆಯಿಲ್ ಹರಿಯುವ ಟೊಳ್ಳು ಬೋಲ್ಟ್), ಎರಡು ಬದಿಗೂ ತಾಮ್ರದ ವಾಷರ್. ಹಳೇ ತಾಮ್ರ ಒತ್ತಿ ಒತ್ತಿ ಗಡುಸಾಗಿರುತ್ತದೆ. ಹೊಸದು ಸಿಗದಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಕಬ್ಬಿಣಕ್ಕೆ ಹೇಳಿದ ಮಾತಲ್ಲ ಇದು, ತಾಮ್ರಕ್ಕೆ ಮಾತ್ರ. ನಾವು ಹೊಸದೇ ಹಾಕಿದೆವು. ಅಲ್ಲಿ ಟೆಫ್ಲಾನ್ ಟೇಪ್ ಸುತ್ತಲು ಹುಡುಗ ಹೊರಟಿದ್ದ, ತಡೆದೆ. ಬ್ಯಾಂಜೊದಲ್ಲಿ ಆಯಿಲ್ ತಡೆಯುವುದು ವಾಷರ್, ಬೋಲ್ಟಿನ ಮರೆ (ಥ್ರೆಡ್) ಅಲ್ಲ. ಟೇಪಿನ ಎಳೆ ಕಿತ್ತು ಹೋದರೆ ಕಂಟ್ರೋಲ್ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರೆಷರ್ ಕಡೆ ಕೆಲಸ ಮಾಡುವವರಿಗೆ ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಲಿಫ್ಟ್ ಭಾರ ಎತ್ತುವಾಗ ಆ ಪೈಪಿನಲ್ಲಿ 150 ಬಾರ್ ಆಸುಪಾಸು ಒತ್ತಡ ಇರಬಹುದು. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಸೂಜಿ ಮೊನೆಯಷ್ಟು ತೂತಿನಿಂದ ಹೊರಬರುವ ಆಯಿಲ್ ಕಣ್ಣಿಗೂ ಕಾಣದ ಹಾಗಿರುತ್ತದೆ, ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲಿಗೆ ಮುಳ್ಳು ಚುಚ್ಚಿದಷ್ಟೇ ನೋವು. ಒಳಗೆ ಬೆರಳು ಕೊಳೆಯಲು ಶುರುವಾಗುತ್ತದೆ. ಹಾಗಾಗಿ ಕೈ ಸವರಿ ಹುಡುಕಲೇಬೇಡಿ. ರಟ್ಟಿನ ತುಂಡು ಹಿಡಿದು ದೂರದಿಂದ ನೋಡಿ, ಕನ್ನಡಕ ಹಾಕಿ. ಅಕಸ್ಮಾತ್ ತಾಗಿದರೆ ಅರಿಶಿನ ಹಚ್ಚಿ ಕೂರಬೇಡಿ. ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ, ‘ಪ್ರೆಷರ್ ಆಯಿಲ್ ಒಳಗೆ ಹೋಗಿದೆ’ ಎಂದೇ ಡಾಕ್ಟರಿಗೆ ಹೇಳಿ. ಬೇಗ ಆಪರೇಷನ್ ಆಗದಿದ್ದರೆ ಬೆರಳೇ ಹೋಗಬಹುದು. ಯಾವುದೇ ಪೈಪ್ ಬಿಚ್ಚುವ ಮೊದಲು ರೋಟವೇಟರ್ ನೆಲಕ್ಕೆ ಇಳಿಸಿ, ಇಂಜಿನ್ ಆಫ್ ಮಾಡಿ, ಲಿವರ್ ನಾಲ್ಕಾರು ಸಲ ಆಡಿಸಿ ಒತ್ತಡ ಬಿಡಿ.

ಕೊನೆಗೆ ಯಜಮಾನರು ಕೇಳಿದರು. “ಎತ್ತಿ ನಿಲ್ಲಿಸಿದ್ರೆ ನಿಧಾನಕ್ಕೆ ಇಳಿಯುತ್ತಲ್ಲ, ಅದು?”

ಅದು ಒಳಗಿನ ಸೋರಿಕೆ. ಪೂರ್ತಿ ಎತ್ತಿ, ಇಂಜಿನ್ ಆಫ್ ಮಾಡಿ, ರೋಟವೇಟರಿಗೆ ತಾಗದಂತೆ ಪಕ್ಕದಲ್ಲಿ ನಿಂತು ಆಯಿಲ್ ತುಂಬುವ ಬಾಯಿಂದ ಟಾರ್ಚ್ ಬಿಟ್ಟು ನೋಡಿದೆ. ಲಿಫ್ಟಿನ ಪಿಸ್ಟನ್ ಪಕ್ಕದಿಂದ ಸಣ್ಣಗೆ ಆಯಿಲ್ ಇಳಿಯುತ್ತಿತ್ತು. ಪಿಸ್ಟನ್ನಿನ ಸುತ್ತಲಿನ ರಬ್ಬರ್ ಬಳೆ, ಓ-ರಿಂಗ್, ಸವೆದಿದೆ. ಅಲ್ಲಿಂದ ಬಾರದೆ ಲಿಫ್ಟ್ ಇಳಿದಿದ್ದರೆ ವಾಲ್ವಿನ ಮೇಲೆ ಅನುಮಾನ ಪಡಬೇಕಿತ್ತು. ಓ-ರಿಂಗ್ ಹಾಕಬೇಕೆಂದರೆ ಲಿಫ್ಟಿನ ಮೇಲ್ಮುಚ್ಚಳ ಪೂರ್ತಿ ಎತ್ತಬೇಕು. ರೋಟವೇಟರ್ ನೆಲ ಮುಟ್ಟಲು ಅರ್ಧ ಗಂಟೆಗಿಂತ ಹೆಚ್ಚು ತೆಗೆದುಕೊಂಡಿತು. ಈ ವಯಸ್ಸಿನ ಗಾಡಿಗೆ ಅದು ಲೆಕ್ಕಕ್ಕಿಲ್ಲ. ಸಾಲಿನ ಕೊನೆಯಲ್ಲಿ ತಿರುಗಿಸಲು ಒಂದು ನಿಮಿಷವೂ ಬೇಡ.

“ಬಿಡಿ ಯಜಮಾನ್ರೇ, ಈಗ ಬೇಡ. ಎತ್ತಿದ್ದು ಐದು ನಿಮಿಷದಲ್ಲೇ ನೆಲ ಮುಟ್ಟೋಕೆ ಶುರುವಾದ್ರೆ, ಇಲ್ಲಾ ಆಯಿಲ್ ಕಾದ ಮೇಲೆ ಎತ್ತೋದೇ ಕಷ್ಟ ಅಂದ್ರೆ ತನ್ನಿ. ಅಡಿಕೆ ಕೊಯ್ಲು ಮುಗಿಸಿ ಬಂದ್ರೂ ಆಗುತ್ತೆ. ಅಲ್ಲೀವರೆಗೆ ನಿಲ್ಸುವಾಗ ಇಳಿಸಿ ನಿಲ್ಸಿ, ಎತ್ತಿದ ರೋಟವೇಟರ್ ಕೆಳಗೆ ಬ್ಲೇಡ್ ಬಿಗಿಮಾಡೋಕೆ ಯಾರನ್ನೂ ಬಿಡಬೇಡಿ.”

“ಆಯಿಲ್ ಲೆವೆಲ್?”

“ವಾರ ಬಿಟ್ಟು ನೋಡಿ. ಬೆಳಿಗ್ಗೆ, ಸ್ಟಾರ್ಟ್ ಮಾಡೋ ಮುಂಚೆ, ಸಮತಟ್ಟು ಜಾಗದಲ್ಲಿ.”