ಹಾಳೆಯ ಮೇಲೆ ತಲೆಕೆಳಗಾದ ತೆಂಗಿನ ಮರ

ನಾವು ಹತ್ತನೇ ತರಗತಿಗೆ ಬರುವ ಹೊತ್ತಿಗೆ ಭೌತಶಾಸ್ತ್ರಕ್ಕೆ ಮಾಸ್ತರೇ ಇರಲಿಲ್ಲ. ಪಿಸಿಎಂ (ಭೌತ, ರಸಾಯನ, ಗಣಿತ) ಓದಿದ ಮಾಸ್ತರಿಗೆ ವರ್ಗವಾಗಿತ್ತು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹಾಗಾಗಿ ಜೀವಶಾಸ್ತ್ರ ಕಲಿಸುತ್ತಿದ್ದ ಅಕ್ಕೋರ ತಲೆಗೇ ಬೆಳಕು, ವಿದ್ಯುತ್ತು ಎಲ್ಲ ಬಿತ್ತು. ಪಾಪ, ಹಿಂದಿನ ರಾತ್ರಿ ಓದಿಕೊಂಡು ಬರುತ್ತಾರೆ ಅಂತ ನಮಗೆಲ್ಲ ಗೊತ್ತಿತ್ತು.

ನಮ್ಮ ಪಾಡೂ ಅದೇ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇನ್ನೊಂದೇ ಕನ್ನಡ. ವೇಗ ಬೇರೆ, ಜವ ಬೇರೆ, ವೇಗಕ್ಕೆ ದಿಕ್ಕು ಬೇಕು, ಜವಕ್ಕೆ ಬೇಡ ಅಂತ ಉರು ಹೊಡೆದೆವು. ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸಿಗೆ ಎರಡರಲ್ಲಿ ಯಾವುದಿದೆ ಅಂತ ಕೇಳಿದ್ದರೆ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ಅದಕ್ಕಿಂತ ಜಾಸ್ತಿ ಕಾಡಿದ್ದು ದರ್ಪಣದ ಲೆಕ್ಕ. ನಿಮ್ನ ದರ್ಪಣದ, ಅಂದರೆ ಒಳಕ್ಕೆ ತಗ್ಗಾದ ಕನ್ನಡಿಯ, ಸಂಗಮ ದೂರ (ತುಂಬ ದೂರದಿಂದ ಬಂದ ಬೆಳಕು ಒಂದೆಡೆ ಕೂಡುವ ಜಾಗಕ್ಕೆ ಕನ್ನಡಿಯಿಂದ ಇರುವ ದೂರ) 15 ಸೆಂ.ಮೀ., ಮೇಣದಬತ್ತಿ 30 ಸೆಂ.ಮೀ. ದೂರದಲ್ಲಿ, ಪ್ರತಿಬಿಂಬ ಎಲ್ಲಿ? ಉತ್ತರ ಮೈನಸ್ 30. ದೂರ ಹೇಗೆ ಮೈನಸ್ ಆಗುತ್ತದೆ ಅಂತ ಹಿಂದಿನ ಬೆಂಚಿನವನು ಕೇಳಿದ. ಅಕ್ಕೋರು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದರು. "ನಂಗೂ ಸರಿಯಾಗಿ ಗೊತ್ತಿಲ್ಲ ಮಾರಾಯ, ಮಾಡಿ ನೋಡೋಣ" ಅಂದು ಬೀರುವಿನ ಬೀಗ ತೆಗೆಸಿದರು.

ದರ್ಪಣದ ಅಂಚು ಉಪ್ಪುಗಾಳಿಗೆ ಕಪ್ಪಾಗಿತ್ತು. ಮೇಣದಬತ್ತಿ ಹಚ್ಚಿದರೆ ಕಡಲ ಗಾಳಿಗೆ ಆರುತ್ತಿತ್ತು, ಕಿಟಕಿ ಹಾಕಿದರೆ ಸೆಕೆ. ಆರನೇ ಕಡ್ಡಿಗೆ ಅಕ್ಕೋರಿಗೆ ಸಾಕಾಯಿತು. ದರ್ಪಣವನ್ನೇ ಕಿಟಕಿಯ ಕಡೆ ತಿರುಗಿಸಿ, ಅದರ ಮುಂದೆ ಒಂದು ಬಿಳಿ ಹಾಳೆ ಹಿಡಿದು ಹಿಂದೆ ಮುಂದೆ ಸರಿಸುತ್ತಾ ಹೋದರು, ಸ್ಕೇಲಿನಲ್ಲಿ 15ರ ಹತ್ತಿರ ಬಂದಾಗ ಅಲ್ಲಿದ್ದ ಮಸುಕು ಒಮ್ಮೆಲೇ ಮರವಾಯಿತು. ಅಂಗಳದಾಚೆಯ ತೆಂಗಿನ ಮರ. ಬೆರಳುದ್ದ, ಹಸಿರು ಬಣ್ಣದ್ದೇ, ತಲೆಕೆಳಗಾಗಿ. ಗರಿಗಳು ಅಲ್ಲಾಡುತ್ತಿದ್ದವು!

'ನೈಜ ಪ್ರತಿಬಿಂಬವನ್ನು ಪರದೆಯ ಮೇಲೆ ಪಡೆಯಬಹುದು' ಎಂಬ ಸಾಲನ್ನು ಅಷ್ಟರಲ್ಲಿ ನಾನು ಎರಡು ಟೆಸ್ಟಿನಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಪರದೆ ಅಂದರೆ ಬಾಗಿಲಿಗೆ ಹಾಕುವ ಪರದೆ ಅಂತ ತಿಳಿದಿದ್ದೆ. ತಮಾಷೆ ಅಲ್ಲ, ನಿಜವಾಗಿಯೂ.

ಮೈನಸ್ಸಿನ ಕತೆಯನ್ನು ಅಕ್ಕೋರು ಮರುದಿನ ಯಾರನ್ನೋ ಕೇಳಿಕೊಂಡು ಬಂದರು. ದರ್ಪಣದ ಧ್ರುವದಿಂದ, ಅಂದರೆ ಅದರ ನಟ್ಟನಡುವಿನ ಬಿಂದುವಿನಿಂದ, ಅಳೆಯಬೇಕು, ಬೆಳಕು ಬಂದು ಬೀಳುವ ದಿಕ್ಕಿಗೆ ಪ್ಲಸ್, ಅದರ ಎದುರು ದಿಕ್ಕಿಗೆ ಮೈನಸ್, ಸುಮ್ನೆ ಎಲ್ಲರೂ ಸೇರಿ ಮಾಡಿಕೊಂಡ ಒಪ್ಪಂದ. ಇಷ್ಟೇ ಅಲ್ವಾ ಅನ್ನಿಸಿತು.

ಎಸ್ಸೆಸ್ಸೆಲ್ಸಿಯಲ್ಲಿ ದರ್ಪಣದ್ದೇ ಲೆಕ್ಕ ಬಂತು. ಗಡಿಬಿಡಿಯಲ್ಲಿ ನಾನು ಮೈನಸ್ ಹಾಕಲೇ ಇಲ್ಲ.