ಸ್ಟ್ಯಾಂಪು ಯಾಕೆ ಸರ್ 1960ರಲ್ಲಿ?

"ಹಂಗಾದ್ರೆ ಸ್ಟ್ಯಾಂಪು ಯಾಕೆ ಸರ್ 1960ರಲ್ಲಿ ಬಿಟ್ಟಿದ್ದು?"

ಶನಿವಾರ ಮಧ್ಯಾಹ್ನ, ಬಹುಮಾನ ಕೊಡೋಕೆ ಇನ್ನು ಹತ್ತೇ ನಿಮಿಷ ಅನ್ನುವಾಗ, ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತೀರ್ಪುಗಾರರ ಮೇಜಿನ ಮುಂದೆ ನಿಂತು ಕೇಳಿದ ಪ್ರಶ್ನೆ ಇದು. ದನಿ ಏರಿಸಿರಲಿಲ್ಲ. ಕೈಯಲ್ಲಿ ಉತ್ತರದ ಶೀಟು, ಅದರಲ್ಲಿ ಏಳನೇ ಪ್ರಶ್ನೆಯ ಮುಂದೆ ಕೆಂಪಿಂಕಿನ ಇಂಟು ಮಾರ್ಕು. ತೀರ್ಪುಗಾರರು ಕನ್ನಡಕವನ್ನು ಹಣೆಗೇರಿಸಿ, "ನೋಡಮ್ಮಾ, ಕೀ ಆನ್ಸರಲ್ಲಿ 1861 ಅಂತಿದೆ" ಅಂದರು. ಅವಳು "ಹೌದು ಸರ್, ಆದ್ರೆ ಸ್ಟ್ಯಾಂಪು?" ಅಂದಳು. ಅವರು ಕೀ ಆನ್ಸರ್ ಹಾಳೆಯನ್ನೇ ಅವಳ ಕಡೆ ತಿರುಗಿಸಿ ತೋರಿಸಿದರು, ಸ್ಟ್ಯಾಂಪಿನ ಪ್ರಶ್ನೆಗೆ ಅದರಲ್ಲಿ ಉತ್ತರ ಇದೆಯೇನೋ ಎಂಬಂತೆ.

ಇಂಜಿನಿಯರ್ಸ್ ಡೇ ವಾರ. ತಾಲ್ಲೂಕಿನ ಹೈಸ್ಕೂಲುಗಳಿಗೆ ನಾವು ನಡೆಸಿದ, ಅಂತರ್ಜಾಲದಲ್ಲಿ ಮಾಹಿತಿ ಹುಡುಕುವ ಸ್ಪರ್ಧೆ. ತಂಡಕ್ಕೆ ಇಬ್ಬರಂತೆ ಹನ್ನೆರಡು ತಂಡ, ಹತ್ತು ಪ್ರಶ್ನೆ, ನಲವತ್ತು ನಿಮಿಷ. ಏಳನೆಯದು ಬಹಳ ಸಲೀಸು ಅಂತ ನಡುವೆ ಉಸಿರಾಡೋಕೆ ಇಟ್ಟಿದ್ದ ಪ್ರಶ್ನೆ: ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ವರ್ಷ ಯಾವುದು?

ತೀರ್ಪುಗಾರರು ಕೆಟ್ಟವರಲ್ಲ. ಮೂವತ್ತು ವರ್ಷ ವ್ಯಾಲ್ಯುಯೇಶನ್ ಮಾಡಿದ ಕೈ. ಆದರೆ ಅಷ್ಟು ವರ್ಷ ಕೀ ಆನ್ಸರ್ ಹಿಡಿದು ಕೂತವರಿಗೆ ಅದೇ ವೇದ. ಪಬ್ಲಿಕ್ ಪರೀಕ್ಷೆಯಲ್ಲಿ ಅದು ಸರಿಯೇ: ಅಲ್ಲಿ ಪಠ್ಯಪುಸ್ತಕ ಒಂದೇ, ಉತ್ತರ ಒಂದೇ. ಹುಡುಕಾಟದ ಸ್ಪರ್ಧೆಗೆ ಪಠ್ಯಪುಸ್ತಕವೇ ಇಲ್ಲ. ಕೀ ಆನ್ಸರ್ ಅಂದರೆ ಪ್ರಶ್ನೆ ಬರೆದವರು ಒಂದು ರಾತ್ರಿ ಹುಡುಕಿದಾಗ ಅವರಿಗೆ ಸಿಕ್ಕಿದ್ದು, ಅಷ್ಟೇ. ಹುಡುಗಿ ಅವರಿಗಿಂತ ಎರಡು ಪುಟ ಮುಂದೆ ಹೋಗಿದ್ದಳು.

ಅವಳು ಕೊಟ್ಟದ್ದು ಇಷ್ಟು. ಉತ್ತರ: 1860. ಆಧಾರ: ಅಂಚೆ ಇಲಾಖೆ 1960ರ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಜನ್ಮಶತಮಾನೋತ್ಸವಕ್ಕೆ ತಂದ 15 ನಯಾಪೈಸೆಯ ಸ್ಟ್ಯಾಂಪಿನ ಪುಟದ ಲಿಂಕು. ಶೀಟಿನ ಎರಡನೇ ಸಾಲಿನಲ್ಲಿ ಸಣ್ಣಕ್ಷರದಲ್ಲಿ: "ಕೆಲವು ಕಡೆ 1861 ಇದೆ. ಆದರೆ 1960ಕ್ಕೆ ನೂರು." ಆ ಸ್ಟ್ಯಾಂಪು ಬಂದಾಗ ಅವರು ಬದುಕಿದ್ದರು, ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಶಿಸ್ತಿಗೆ ಹೆಸರಾದ ಮನುಷ್ಯ, ತನಗೆ ನೂರು ಅಂತ ಸರ್ಕಾರ ತಪ್ಪು ಲೆಕ್ಕ ಹಾಕಿದ್ದರೆ ಸುಮ್ಮನಿರುತ್ತಿದ್ದರಾ ಅನ್ನೋದು ಅವಳ ವಾದದೊಳಗೇ ಅಡಗಿದೆ. ಅಷ್ಟು ಅವಳು ಹೇಳಲಿಲ್ಲ, ನಮಗೆ ರಾತ್ರಿ ಹೊಳೆಯಿತು.

1861 ಅನ್ನುವವರಿಗೂ ಮಾತಿಲ್ಲ ಅಂತಲ್ಲ. ನೂರು ತುಂಬಿದಾಗ ಶತಮಾನೋತ್ಸವವೋ, ನೂರಕ್ಕೆ ಕಾಲಿಟ್ಟಾಗಲೋ? ಅರವತ್ತರ ಶಾಂತಿ ಯಾವಾಗ ಅಂತ ಮನೆಮನೆಯಲ್ಲೂ ತಕರಾರು ನಡೆಯುವ ನಾಡಿದು. ಕೆಲವು ಪುಟ 1860, ಕೆಲವು 1861. ಹಾಗಾಗಿ ತಪ್ಪು ಹುಡುಗಿಯದೂ ಅಲ್ಲ, ತೀರ್ಪುಗಾರರದೂ ಅಲ್ಲ, ಪ್ರಶ್ನೆಪತ್ರಿಕೆ ಮಾಡಿದ ನಮ್ಮದು. ಎರಡು ಉತ್ತರ ಓಡಾಡುತ್ತಿರುವ ಪ್ರಶ್ನೆಯನ್ನು ಒಂದೇ ಉತ್ತರದ ಪ್ರಶ್ನೆ ಅಂತ ಹಾಕಿದ್ದೆವು.

ಈ ಜಾತಿಯ ಪ್ರಶ್ನೆಗಳು ಕನ್ನಡ ನಾಡಿನ ಬಗ್ಗೆ ಎಷ್ಟು ಬೇಕಾದರೂ ಇವೆ. ಕರ್ನಾಟಕದಲ್ಲಿ ಎಷ್ಟು ಜಿಲ್ಲೆ? 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ 31, ಆದರೂ 30 ಅನ್ನುವ ಹಳೇ ಪುಟಗಳು ಇನ್ನೂ ಮೇಲೆ ಬರುತ್ತವೆ. ಕನ್ನಡದ ಅತಿ ಹಳೆಯ ಶಾಸನ? ಪುಸ್ತಕ ಓದಿದವರು ಹಲ್ಮಿಡಿ, ಸುಮಾರು 450 ಅನ್ನುತ್ತಾರೆ. ತಾಳಗುಂದದಲ್ಲಿ 2013ರಲ್ಲಿ ಸಿಕ್ಕಿದ ಶಾಸನ 370ರದ್ದು ಅನ್ನುವ ಸುದ್ದಿ ಓದಿದವರು ತಾಳಗುಂದ ಅನ್ನುತ್ತಾರೆ. ಕನ್ನಂಬಾಡಿ ಕಟ್ಟೆ ಮುಗಿದ ವರ್ಷ ಅಂತ ಕೇಳಿದರಂತೂ ಕೆಲಸ ಶುರುವಾದದ್ದು 1911 ಅನ್ನೋದು ಬಿಟ್ಟು ಉಳಿದದ್ದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಈ ಪ್ರಶ್ನೆಗಳನ್ನು ಬಿಡಬೇಕಾಗಿಲ್ಲ. ಕೇಳುವ ರೀತಿ ಬದಲಾಗಬೇಕು. "ಯಾವ ವರ್ಷ?" ಅನ್ನೋ ಬದಲು "ಎರಡು ವರ್ಷಗಳು ಬಳಕೆಯಲ್ಲಿವೆ, ಒಂದೊಂದಕ್ಕೂ ಒಂದು ಆಧಾರ ಕೊಡಿ, ನಿಮಗೆ ಯಾವುದು ಗಟ್ಟಿ ಅನ್ನಿಸುತ್ತದೆ, ಯಾಕೆ, ಎರಡು ಸಾಲು ಬರೆಯಿರಿ" ಅಂತ ಕೇಳಿದರೆ ಅದೇ ಪ್ರಶ್ನೆ ಚಿನ್ನ.

ಪ್ರಶ್ನೆ ಪರೀಕ್ಷಿಸೋದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ಈ ಸಲ ಏಳನೆಯದಕ್ಕೆ ಮಾತ್ರ ಅದನ್ನು ಪಾಲಿಸಲಿಲ್ಲ, ಸಲೀಸು ಅಂತ. ಪ್ರತಿ ಪ್ರಶ್ನೆಯನ್ನು ಮೂರು ಜನ ಬೇರೆ ಬೇರೆ ಕೂತು, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದ ಹಾಗೆ, ಗಡಿಯಾರ ಹಿಡಿದು ಹುಡುಕಬೇಕು. ಮೂವರಿಗೂ ಒಂದು ನಿಮಿಷದೊಳಗೆ ಸಿಕ್ಕಿದರೆ ಆ ಪ್ರಶ್ನೆಯಲ್ಲಿ ಸತ್ವವಿಲ್ಲ. ಎಂಟು ನಿಮಿಷ ದಾಟಿದರೆ ನಲವತ್ತು ನಿಮಿಷದ ಸುತ್ತಿಗೆ ಭಾರ. ಮೂವರಲ್ಲಿ ಒಬ್ಬರಿಗೆ ಬೇರೆ ಉತ್ತರ ಬಂತೋ, ಅಲ್ಲೇ ನಿಲ್ಲಬೇಕು. ಈ ಪರೀಕ್ಷೆ ಒಂದು ಸಲ ಎರಡು ದಿನ ಮೊದಲು, ಇನ್ನೊಂದು ಸಲ ಅದೇ ದಿನ ಬೆಳಗ್ಗೆ. ರಾತ್ರಿ ಇದ್ದ ಪುಟ ಬೆಳಗ್ಗೆ ಇರೋದಿಲ್ಲ. ಸರ್ಕಾರಿ ತಾಣಗಳು ವಿಳಾಸ ಬದಲಾಯಿಸಿದರೆ ಹಳೇ ಲಿಂಕು ಸತ್ತೇಹೋಗುತ್ತದೆ. ಹಾಗಾದಾಗ ಕೈಗೆ ಸಿಗಲಿ ಅಂತ ಪ್ರತಿ ಉತ್ತರದ ಪುಟವನ್ನೂ ಮೊದಲೇ, ವೆಬ್ ಪುಟಗಳ ನಕಲು ಕಾಪಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಉಳಿಸಿಡುತ್ತೇವೆ.

ಒಳ್ಳೆ ಪ್ರಶ್ನೆಗೆ ಎರಡು ಮೆಟ್ಟಿಲು ಬೇಕು. ಮೊದಲ ಕನ್ನಡ ಪತ್ರಿಕೆ ಯಾವುದು ಅಂದರೆ 'ಮಂಗಳೂರ ಸಮಾಚಾರ', 1843ರ ಜುಲೈ 1 ಅಂತ ಹತ್ತು ಸೆಕೆಂಡಿನಲ್ಲಿ ಬರುತ್ತದೆ. ಆ ಪತ್ರಿಕೆ ಮಾರನೇ ವರ್ಷ ಯಾವ ಊರಿಗೆ ಹೋಯಿತು, ಅಲ್ಲಿ ಹೆಸರೇನಾಯಿತು ಅಂತ ಕೇಳಿದರೆ ಮಕ್ಕಳು ಒಂದು ಪುಟವನ್ನಾದರೂ ತೆರೆದು ಓದಬೇಕು: ಬಳ್ಳಾರಿ, 'ಕನ್ನಡ ಸಮಾಚಾರ'. ಎರಡನೇ ಮೆಟ್ಟಿಲು ಹತ್ತುವಾಗಲೇ ಯಾರು ಹುಡುಕುತ್ತಾರೆ, ಯಾರು ಬರೀ ಟೈಪು ಮಾಡುತ್ತಾರೆ ಅಂತ ಗೊತ್ತಾಗೋದು.

ಕನ್ನಡದಲ್ಲಿ ಹುಡುಕೋದರ ಕಷ್ಟ ಬೇರೆಯೇ. "ವಿಶ್ವೇಶ್ವರಯ್ಯನವರ" ಅಂತ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ "ವಿಶ್ವೇಶ್ವರಯ್ಯ ಅವರ" ಅಂತ ಬರೆದ ಪುಟ ತಪ್ಪಿಹೋಗುತ್ತದೆ. ವಿಭಕ್ತಿ ಕಳಚಿ ಬರೀ ಹೆಸರು ಹಾಕಬೇಕು ಅಂತ ಮಕ್ಕಳಿಗೆ ಅಭ್ಯಾಸದ ದಿನವೇ ಹೇಳಿಕೊಡಬೇಕು. ಇಂಗ್ಲಿಷಿಗೆ ಹೋದರೆ ಅದೇ ಹೆಸರಿಗೆ ನಾಲ್ಕಾರು ಕಾಗುಣಿತ. ಅವರು ಸ್ವತಃ ಬರೆಯುತ್ತಿದ್ದದ್ದು 'ಎಚ್' ಇಲ್ಲದೆ, ಎರಡು ಕಡೆಯೂ ಬರೀ 'ಎಸ್': Visvesvaraya. ಸ್ಟ್ಯಾಂಪು ಸಂಗ್ರಹಿಸುವವರ ಪುಟಗಳಲ್ಲೂ ಅದೇ. ಆ ಹುಡುಗಿಯ ಶೀಟಿನ 'ಹುಡುಕಿದ ಪದಗಳು' ಕಾಲಮ್ಮಿನಲ್ಲಿ ಮೊದಲು 'ಎಸ್‌ಎಚ್' ಇದ್ದ ಕಾಗುಣಿತ ಬರೆದು ಹೊಡೆದುಹಾಕಿ, ಪಕ್ಕದಲ್ಲಿ ಬರೀ 'ಎಸ್'ನದು ಬರೆದಿದ್ದಳು. ಆ ಒಂದು ಹೊಡೆದ ಗೆರೆಗೆ ಎರಡು ಮಾರ್ಕು ಕೊಡಬಹುದು. ಇನ್ನು ಹಳೇ ಅಕ್ಷರಶೈಲಿಯಲ್ಲಿ ಮಾಡಿದ ಪಿಡಿಎಫ್‌ಗಳು. ಯೂನಿಕೋಡ್ ಅಲ್ಲದ ಕಾರಣ ಕಣ್ಣಿಗೆ ಕನ್ನಡ ಕಾಣುತ್ತದೆ, ಹುಡುಕಾಟಕ್ಕೆ ಒಳಗಿರೋದು ಬರೀ ಗೀಚು. ಉತ್ತರ ಅಂಥ ಕಡತದಲ್ಲಿ ಮಾತ್ರ ಇದ್ದರೆ ಆ ಪ್ರಶ್ನೆ ಹಾಕಬಾರದು, ಮಕ್ಕಳಿಗೆ ಮೋಸ.

ಉತ್ತರವನ್ನು ಆನ್‌ಲೈನ್ ಫಾರಂನಲ್ಲಿ ತುಂಬಿಸಿ, ಯಂತ್ರವೇ ಮಾರ್ಕು ಹಾಕಲಿ ಅಂತ ಬಿಡುವವರಿದ್ದಾರೆ. ಕನ್ನಡಕ್ಕೆ ಅದು ಆಗೋದಿಲ್ಲ. ಕೀಯಲ್ಲಿ "ಶಿವನಸಮುದ್ರ" ಇದ್ದು ಮಗು "ಶಿವನ ಸಮುದ್ರ" ಅಂತ ಬರೆದರೆ ತಪ್ಪು. "1902" ಅನ್ನೋದನ್ನು "೧೯೦೨" ಅಂತ ಬರೆದರೂ ತಪ್ಪು. "ರಾಜ್‌ಕುಮಾರ್" ಥರದ ಪದದ ನಡುವೆ ಕಣ್ಣಿಗೆ ಕಾಣದ ಒಂದು ಕೂಡಿಸದ ಚಿಹ್ನೆ ಕೂತಿರುತ್ತದೆ, ಒಂದು ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಂದು ಹಾಕೋದಿಲ್ಲ. ನೋಡೋಕೆ ಎರಡೂ ಹತ್ತಿರಹತ್ತಿರ, ಯಂತ್ರಕ್ಕೆ ಬೇರೆ ಬೇರೆ. ಅದಕ್ಕೇ ನಾವು ಕಾಗದಕ್ಕೆ ಮರಳಿದ್ದು. ಲಿಂಕು ಮಾತ್ರ ಫಾರಂನಲ್ಲಿ, ಉಳಿದದ್ದು ಪೆನ್ನಿನಲ್ಲಿ.

ಲ್ಯಾಬಿನ ವಿಷಯ. ಹನ್ನೆರಡು ಸಿಸ್ಟಂ ಒಂದೇ ರೌಟರಿನಿಂದ ಒಂದೇ ಹೊತ್ತಿಗೆ ಹುಡುಕೋಕೆ ಶುರು ಮಾಡಿದರೆ, ಹೊರಗಿನವರಿಗೆ ಅದೆಲ್ಲ ಒಂದೇ ವಿಳಾಸ. ಒಬ್ಬನೇ ಯಂತ್ರದ ಥರ ನೂರು ಪ್ರಶ್ನೆ ಕೇಳುತ್ತಿದ್ದಾನೆ ಅನ್ನೋ ಅನುಮಾನ ಬಂದು ಹುಡುಕುಯಂತ್ರ ತಡೆಯುತ್ತದೆ. "ನಾನು ರೋಬೋಟ್ ಅಲ್ಲ" ಅಂತ ಟಿಕ್ ಹಾಕಿ, ಬಸ್ಸಿರುವ ಚಿತ್ರ ಆರಿಸು ಅನ್ನುತ್ತದೆ. ಶನಿವಾರ ಹದಿನಾಲ್ಕನೇ ನಿಮಿಷದಲ್ಲಿ ಐದು ಪರದೆಯಲ್ಲಿ ಬಸ್ಸು ಬಂದವು. ಮಕ್ಕಳು ಅದೂ ಒಂದು ಪ್ರಶ್ನೆ ಅಂದುಕೊಂಡು ಶೀಟಿನಲ್ಲಿ ಬರೆಯೋಕೆ ಹೊರಟಿದ್ದರು! ಮದ್ದು ಸುಲಭ: ಆರು ಸಿಸ್ಟಂ ಫೈಬರಿಗೆ, ಉಳಿದ ಆರು ಎರಡು ಮೊಬೈಲ್ ಹಾಟ್‌ಸ್ಪಾಟಿಗೆ, ಪ್ರಶ್ನೆಗಳ ಕ್ರಮ ತಂಡಕ್ಕೊಂದು, ಎರಡನೇ ಹುಡುಕುಯಂತ್ರ ಬುಕ್‌ಮಾರ್ಕಿನಲ್ಲಿ ಸಿದ್ಧ. ಬ್ರೌಸರು ಎಲ್ಲ ಕಡೆ ಒಂದೇ, ಅತಿಥಿ ಪ್ರೊಫೈಲಿನಲ್ಲಿ. ಇಲ್ಲದಿದ್ದರೆ ಬೆಳಗ್ಗೆ ಪ್ರಶ್ನೆ ಪರೀಕ್ಷಿಸಿದವರ ಹುಡುಕಾಟ ಸರ್ಚ್ ಪೆಟ್ಟಿಗೆಯಲ್ಲಿ ತಾನಾಗಿ ತೆರೆದುಕೊಂಡು, ಉತ್ತರವನ್ನು ತಟ್ಟೆಯಲ್ಲಿಟ್ಟು ಕೊಡುತ್ತದೆ. ಕರೆಂಟು ಹೋದರೆ ಯುಪಿಎಸ್ ಸಿಸ್ಟಮ್ಮನ್ನು ಹಿಡಿಯುತ್ತದೆ, ರೌಟರನ್ನು ಹಿಡಿಯೋದಿಲ್ಲ. ರೌಟರಿನ ಪ್ಲಗ್ಗು ಯುಪಿಎಸ್‌ನಲ್ಲೇ ಇದೆಯಾ ಅಂತ ಬಗ್ಗಿ ನೋಡೋದು ಯಾವಾಗಲೂ ಯಾರೋ ಒಬ್ಬರ ಕೆಲಸ, ಅಂದರೆ ಯಾರ ಕೆಲಸವೂ ಅಲ್ಲ.

ಈಗ ಪುಟದ ಮೇಲೆ ಎಐ ಬರೆದುಕೊಡುವ ಉತ್ತರದ ಪೆಟ್ಟಿಗೆಯೂ ಬಂದಿದೆ. ಹನ್ನೆರಡರಲ್ಲಿ ಒಂಬತ್ತು ತಂಡ ಏಳನೇ ಪ್ರಶ್ನೆಗೆ ಪುಟದ ಮೇಲೆ ಕಂಡದ್ದನ್ನೇ ನಕಲು ಮಾಡಿದ್ದವು, ಲಿಂಕಿನ ಜಾಗದಲ್ಲಿ ಹುಡುಕಾಟದ ಪುಟದ್ದೇ ವಿಳಾಸ ಅಂಟಿಸಿದ್ದವು. ಅದು ಆಧಾರವಲ್ಲ. "ಯಾರು ಹೇಳಿದ್ದು?" ಅಂದರೆ "ಯಾರೋ ಹೇಳುತ್ತಿದ್ದರು" ಅಂದ ಹಾಗೆ. ಪೆಟ್ಟಿಗೆ ತೆಗೆಯೋದು ಕಷ್ಟವಲ್ಲ, ಫಲಿತಾಂಶದ ಮೇಲಿರುವ 'ವೆಬ್' ಟ್ಯಾಬ್ ಒತ್ತಿದರೆ ಬರೀ ಲಿಂಕುಗಳು ಉಳಿಯುತ್ತವೆ. ಆದರೆ ತೆಗೆಯಲೇಬೇಕಾ? ಮನೆಗೆ ಹೋದರೆ ಅದು ಇದ್ದೇ ಇರುತ್ತದೆ. ಇಟ್ಟುಕೊಂಡು, ಅದು ಹೇಳಿದ್ದನ್ನು ಬೇರೆ ಎರಡು ಕಡೆ ತಾಳೆ ನೋಡಿದವರಿಗೆ ಮಾರ್ಕು ಕೊಡೋದು ಒಳ್ಳೆಯದು ಅನ್ನಿಸುತ್ತದೆ.

ಹುಡುಗಿಯ ಕಥೆಗೆ ಬಂದರೆ, ತೀರ್ಪುಗಾರರು ಕೊನೆಗೆ ಕೈ ಚೆಲ್ಲಿ "ಆ ಪ್ರಶ್ನೆ ಎಲ್ಲರಿಗೂ ರದ್ದು" ಅಂದರು. ಸಭೆಯಲ್ಲಿದ್ದವರು ತಲೆದೂಗಿದರು. ಪ್ರಾಯೋಜಕರ ಕಡೆಯವರು ಫೋಟೋಗೆ ತಡವಾಗುತ್ತದೆ ಅನ್ನೋ ಚಿಂತೆಯಲ್ಲಿ ಎಲ್ಲರಿಗಿಂತ ಜೋರಾಗಿ ತಲೆದೂಗಿದರು. ರದ್ದು ಅನ್ನೋದು ಕೇಳೋಕೆ ಸಮನ್ಯಾಯ. ಲೆಕ್ಕ ಹಾಕಿ ನೋಡಿದರೆ ಅಲ್ಲ. ಪ್ರಶ್ನೆಗೆ ಹತ್ತು ಮಾರ್ಕು: ಉತ್ತರಕ್ಕೆ 4, ಆಧಾರದ ಲಿಂಕಿಗೆ 4, ಹುಡುಕಿದ ಪದಗಳಿಗೆ 2. ಏಳನೆಯದು ಬಿಟ್ಟು ಮೊದಲ ಸ್ಥಾನದ ತಂಡಕ್ಕೆ 71, ಇವಳ ತಂಡಕ್ಕೆ 68. ಎರಡೂ ವರ್ಷ ಒಪ್ಪಿಕೊಂಡು ಆಧಾರಕ್ಕೆ ಮಾರ್ಕು ಹಾಕಿದ್ದರೆ, ಲಿಂಕಿಲ್ಲದ ಆ ತಂಡಕ್ಕೆ ಆರು ಸೇರಿ 77, ಇವಳಿಗೆ ಹತ್ತೂ ಸೇರಿ 78. ರದ್ದಾದದ್ದು ನಮ್ಮ ತಪ್ಪು, ದಂಡ ತೆತ್ತದ್ದು ಅವಳು. ತಕರಾರು ಬಂದರೆ ಏನು ಮಾಡೋದು ಅಂತ ನಿಯಮದ ಹಾಳೆಯಲ್ಲಿ ಮೊದಲೇ ಒಂದು ಸಾಲು ಬರೆದಿದ್ದರೆ ಇದು ಆಗುತ್ತಿರಲಿಲ್ಲ. ಮುಂದಿನ ಸಲದ ಹಾಳೆಯಲ್ಲಿ ಬರೆದಾಗಿದೆ: ಕೀ ಆನ್ಸರ್‌ಗೆ ಹೊಂದದ ಉತ್ತರಕ್ಕೆ ತೆರೆಯುವ ಲಿಂಕು ಇದ್ದರೆ, ಇಂಟು ಹಾಕುವ ಮೊದಲು ಇಬ್ಬರು ಅದನ್ನು ತೆರೆದು ಓದಬೇಕು. ಅದಕ್ಕೆ ಇಪ್ಪತ್ತು ನಿಮಿಷ, ಬಹುಮಾನಕ್ಕೆ ಮೊದಲು. ಫೋಟೋ ಆಮೇಲೆ.

ಅವಳು ಅಳಲಿಲ್ಲ, ಜಗಳವಾಡಲೂ ಇಲ್ಲ. ಸ್ವಲ್ಪ ಹಟಮಾರಿ ಅಂತ ಅವಳ ಮೇಷ್ಟ್ರು ನಗುತ್ತಾ ಹೇಳಿದರು, ಬೈದ ಹಾಗೂ ಇತ್ತು, ಹೆಮ್ಮೆಪಟ್ಟ ಹಾಗೂ ಇತ್ತು. ಹೋಗುವಾಗ ಶೀಟು ವಾಪಸ್ ಕೊಡಿ ಅಂದಿದ್ದಕ್ಕೆ, "ಇದು ನನ್ನ ಹತ್ರನೇ ಇರ್ಲಿ ಸರ್" ಅಂದಳಂತೆ. ಯಾರೂ ಬೇಡ ಅನ್ನಲಿಲ್ಲ.

ನಿನ್ನೆ ರಾತ್ರಿ ಮುಂದಿನ ಸುತ್ತಿನ ಪ್ರಶ್ನೆಗಳನ್ನು ಪರೀಕ್ಷಿಸೋಕೆ ಕೂತಿದ್ದೆವು. ಮೂವರು, ಮೂರು ಕೋಣೆ, ಗಡಿಯಾರ. ನಾಲ್ಕನೇ ಪ್ರಶ್ನೆ ವಿಶ್ವೇಶ್ವರಯ್ಯನವರು ತೀರಿಕೊಂಡ ದಿನದ್ದು. ಒಬ್ಬರು ಏಪ್ರಿಲ್ 12 ಅಂತ ಬರೆದುಕೊಂಡು ಬಂದರು, ಇನ್ನಿಬ್ಬರು 14. ಆ ಪ್ರಶ್ನೆ ಇನ್ನೂ ಮೇಜಿನ ಮೇಲೇ ಇದೆ.