ಘಾಟಿ ಹತ್ತುವ ಮುಂಚೆ ಹೇಳಬೇಕಾದ ಮಾತು

ಕೊಡಗಿನಲ್ಲಿ ಸಮುದ್ರ ಇಲ್ಲ. ಆದರೆ ಸ್ಕೂಬಾ ಡೈವಿಂಗ್ ಮಾಡುವವರು ಇದ್ದಾರೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು, ಮಂಗಳೂರು ದಾಟಿ ಮುರ್ಡೇಶ್ವರ ಸೇರಿದರೆ ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ಮಳೆಗಾಲ ಕಳೆದು ಸಮುದ್ರ ಶಾಂತವಾದ ಮೇಲೆ ಬೇಸಿಗೆ ಮುಗಿಯುವ ತನಕ ಅಲ್ಲಿ ನೀರಿಗಿಳಿಯಬಹುದು. ನಾನೂ ಹಾಗೆ ಹೋಗಿ ಬರುವವಳು. ರೆಸ್ಕ್ಯೂ ಡೈವರ್ ಕೋರ್ಸ್ ಮಾಡಿಕೊಂಡಿದ್ದೇನೆ. ತೊಂದರೆ ಆಗುವ ಮುಂಚೆಯೇ ಅದರ ಸುಳಿವು ಹಿಡಿಯುವುದನ್ನು ಆ ಕೋರ್ಸಿನಲ್ಲಿ ಚೆನ್ನಾಗಿ ಕಲಿಸುತ್ತಾರೆ. ಕಲಿತ ಮೇಲೆ ಕಣ್ಣು ಸುಮ್ನಿರುವುದಿಲ್ಲ. ದೋಣಿಯಲ್ಲಿ ಕೂತರೆ ಪಕ್ಕದವರ ಬೆಲ್ಟು, ಬಕಲ್, ಪೈಪು ಎಲ್ಲ ಕಾಣುತ್ತದೆ. ಕಂಡದ್ದನ್ನೆಲ್ಲ ಹೇಳಬೇಕಾ, ಹೇಳುವುದಾದರೆ ಯಾವಾಗ ಎನ್ನುವುದನ್ನು ಮಾತ್ರ ಯಾವ ಪುಸ್ತಕದಿಂದಲೂ ಕಲಿಯಲು ಆಗಲಿಲ್ಲ.

ಕೆಲವು ಸಲ ಯೋಚಿಸುವ ಪ್ರಶ್ನೆಯೇ ಇಲ್ಲ. ಒಮ್ಮೆ ನೇತ್ರಾಣಿ ದೋಣಿಯಲ್ಲಿ ಎದುರಿಗೆ ಕೂತಿದ್ದ ಹುಡುಗ ರೆಗ್ಯುಲೇಟರ್ ಬಾಯಿಗಿಟ್ಟು ಉಸಿರೆಳೆದ. ಅವನ ಮಡಿಲಲ್ಲಿದ್ದ, ಸಿಲಿಂಡರಿನ ಗಾಳಿಯ ಒತ್ತಡ ತೋರಿಸುವ ಪ್ರೆಷರ್ ಗೇಜಿನ ಮುಳ್ಳು ಸರಕ್ಕನೆ ಕೆಳಗಿಳಿದು, ಉಸಿರು ಬಿಟ್ಟಾಗ ಮತ್ತೆ ಮೇಲೆ ಬಂತು. ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಎಂಬುದಕ್ಕೆ ಅದೇ ಗುರುತು. ದೋಣಿಯ ಮೇಲೆ ಆ ಗಾಳಿ ಸಾಕಾಗುತ್ತದೆ. ಆಳಕ್ಕೆ ಹೋದಾಗ ಪ್ರತಿ ಉಸಿರಿಗೂ ಜಾಸ್ತಿ ಗಾಳಿ ಬೇಕು, ಆಗ ಸಾಲುವುದಿಲ್ಲ. ಅವನ ಪರಿಚಯ ನನಗಿರಲಿಲ್ಲ. ಆದರೂ ತಕ್ಷಣ ಹೇಳಿದೆ. ಡೈವ್ ನಡೆಸುವ ಡೈವ್ ಮಾಸ್ಟರ್ ಬಂದು ವಾಲ್ವ್ ತಿರುಗಿಸಿದರು. ಅಷ್ಟೇ. ಅಲ್ಲಿ ಸಂಕೋಚಕ್ಕೆ ಜಾಗವಿಲ್ಲ.

ಅದೇ ದೋಣಿಯಲ್ಲಿ ಇನ್ನೊಬ್ಬರು ನೀರಿನಲ್ಲಿ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸವನ್ನು ಬೇಕಾದ್ದಕ್ಕಿಂತ ಜಾಸ್ತಿ ಕಟ್ಟಿದ್ದಾರೆ ಅನ್ನಿಸಿತು. ಅದನ್ನು ನಾನು ಅವರಿಗೆ ಹೇಳಲಿಲ್ಲ, ಡೈವ್ ಮಾಸ್ಟರ್ ಕಿವಿಗೆ ಹಾಕಿದೆ. ಅಂದು ಎಲ್ಲರನ್ನೂ ನೀರೊಳಗೆ ಕರೆದೊಯ್ಯುವವರು ಡೈವ್ ಮಾಸ್ಟರೇ. ನೋಡಿ ಸರಿಮಾಡುವ ಅಧಿಕಾರ ಅವರಿಗಿದೆ, ಅದನ್ನು ಹೇಳಿಸಿಕೊಳ್ಳುವವರಿಗೂ ಬೇಜಾರಾಗುವುದಿಲ್ಲ. ಇನ್ನು ಕಾಲು ಬಡಿಯುವ ರೀತಿ, ಮಾಸ್ಕಿನ ಕಂಪನಿ, ಸೂಟಿನ ದಪ್ಪ, ಇವೆಲ್ಲ ಅವರವರ ಇಷ್ಟ. ಅದರ ಬಗ್ಗೆ ಕೇಳದೆ ಬಾಯಿ ಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹೀಗೆ ಸಿಕ್ಕಸಿಕ್ಕದ್ದಕ್ಕೆಲ್ಲ ಬುದ್ಧಿ ಹೇಳುವವರಿಂದಲೇ, ಹೇಳಲೇಬೇಕಾದ ಮಾತಿಗೂ ಯಾರೂ ಕಿವಿ ಕೊಡದ ಹಾಗಾಗಿದೆ.

ಆದರೆ ದೋಣಿಯ ಹೊರಗೆ, ಡೈವ್ ಮಾಸ್ಟರ್ ಇಲ್ಲದ ಕಡೆ, ನೀರಿಗೆ ಇಳಿಯಲು ಇನ್ನೂ ಎರಡು ದಿನ ಇರುವಾಗ ಏನು ಮಾಡುವುದು? ಈ ಸಲ ಹುತ್ತರಿ ಕಳೆದ ಮೇಲೆ ನಾಪೋಕ್ಲಿನಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋದಾಗ ನನಗೆ ಎದುರಾದದ್ದು ಅದು.

ಊಟಕ್ಕೆ ಇನ್ನೂ ಹೊತ್ತಿತ್ತು. ಜಗಲಿಯಲ್ಲಿ ಹಿರಿಯರು ಕಾಫಿ ರೇಟಿನ ಬಗ್ಗೆ ಮಾತಾಡುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಒಂದು ಜೋಡಿ ಕೂತಿತ್ತು, ಮೂವತ್ತರ ಆಸುಪಾಸಿನವರು. ಹುಡುಗಿಯ ತವರು ಮಡಿಕೇರಿ, ಗಂಡನ ಜೊತೆ ಬೆಂಗಳೂರಿನಲ್ಲಿ ಇರುವುದು. ಇಬ್ಬರೂ ಅಂಡಮಾನಿನಲ್ಲಿ ಡೈವಿಂಗ್ ಕೋರ್ಸ್ ಮಾಡಿ ಬಂದಿದ್ದರು. ಗಂಡ ಯಾರಿಗೋ ಹೊಸ ಅಂಡರ್‌ವಾಟರ್ ಕ್ಯಾಮೆರಾದ ಫೋಟೋ ತೋರಿಸುತ್ತಾ ಪ್ಲಾನ್ ಹೇಳುತ್ತಿದ್ದ. ಶುಕ್ರವಾರ ರಾತ್ರಿ ಮುರ್ಡೇಶ್ವರ. ಶನಿವಾರ ಬೆಳಿಗ್ಗೆ ನೇತ್ರಾಣಿಯಲ್ಲಿ ಎರಡು ಡೈವ್. ದಡಕ್ಕೆ ಬಂದು ಊಟ ಮಾಡಿ ಹೊರಟರೆ ರಾತ್ರಿ ಒಂಬತ್ತಕ್ಕೆಲ್ಲ ಮಡಿಕೇರಿ. ಮಕ್ಕಳು ಅಜ್ಜಿ ಹತ್ತಿರ ಇರುತ್ತವೆ. ಭಾನುವಾರ ಬೆಳಗಾಗುವ ಮುಂಚೆ ಜೀಪಿನಲ್ಲಿ ಮಾಂದಲಪಟ್ಟಿ ಬೆಟ್ಟ.

ನನಗೆ ಕೂತಲ್ಲೇ ಕಸಿವಿಸಿ ಶುರುವಾಯಿತು.

ಡೈವಿಂಗ್ ಗೊತ್ತಿಲ್ಲದವರಿಗೆ ಇದರಲ್ಲಿ ಏನು ತಪ್ಪು ಅನ್ನಿಸಬಹುದು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗ ಮೈಮೇಲಿನ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರುವ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳ ಸುತ್ತ ಕರಗಿ ಸೇರಿಕೊಳ್ಳುತ್ತದೆ. ಮೇಲೆ ಬಂದ ಕೂಡಲೇ ಅದೆಲ್ಲ ಖಾಲಿಯಾಗುವುದಿಲ್ಲ. ಗಂಟೆಗಟ್ಟಲೆ ಉಸಿರಿನಲ್ಲಿ ಸ್ವಲ್ಪಸ್ವಲ್ಪವೇ ಹೊರಗೆ ಹೋಗುತ್ತಿರುತ್ತದೆ. ಆ ಹೊತ್ತಿನಲ್ಲಿ ಸುತ್ತಲಿನ ಗಾಳಿಯ ಒತ್ತಡ ಮತ್ತೂ ಇಳಿದರೆ, ಸೋಡಾ ಬಾಟ್ಲಿ ತೆರೆದಾಗ ಆಗುವ ಹಾಗೆ ಒಳಗೇ ಗುಳ್ಳೆ ಏಳಬಹುದು. ಭುಜ, ಮೊಣಕೈ, ಮೊಣಕಾಲು ನೋಯುತ್ತದೆ. ಸುಸ್ತು, ಜುಮುಗುಟ್ಟುವಿಕೆ, ಚರ್ಮದ ಮೇಲೆ ಕೆಂಪು ಮಚ್ಚೆ ಕಾಣಿಸಬಹುದು. ಕೆಟ್ಟದಾದರೆ ಕೈಕಾಲು ಸ್ವಾಧೀನ ತಪ್ಪಬಹುದು. ಆಗ ಕೂಡಲೇ ಆಕ್ಸಿಜನ್ ಕೊಡಬೇಕು, ಆಮೇಲೆ ಒತ್ತಡದ ಚೇಂಬರಿನಲ್ಲಿ ಚಿಕಿತ್ಸೆ ಆಗಬೇಕು. ಅಂಥ ಚೇಂಬರ್ ಊರೂರಿನ ಆಸ್ಪತ್ರೆಯಲ್ಲಿ ಇರುವಂಥದ್ದಲ್ಲ.

ಅದಕ್ಕೇ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕಾಯಬೇಕು ಎಂಬ ನಿಯಮ ಇದೆ. 2002ರಲ್ಲಿ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಡೈವಿಂಗ್ ಸುರಕ್ಷತೆಯ ಸಂಸ್ಥೆ ತಜ್ಞರನ್ನು ಸೇರಿಸಿ ನಡೆಸಿದ ಕಾರ್ಯಾಗಾರದಲ್ಲಿ ಒಪ್ಪಿಕೊಂಡದ್ದು ಹೀಗೆ: ಡಿಕಂಪ್ರೆಷನ್ ಸ್ಟಾಪ್ (ನೈಟ್ರೋಜನ್ ಹೊರಹೋಗಲೆಂದು ಮೇಲೆ ಬರುವಾಗ ನಡುವೆ ನಿಲ್ಲುವುದು) ಬೇಕಿಲ್ಲದ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ದಿನವೂ ಡೈವ್ ಆದರೆ ಕನಿಷ್ಠ 18 ಗಂಟೆ. ವಿಮಾನದೊಳಗಿನ ಒತ್ತಡ ಸುಮಾರು 600ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ ಎಂದು ಹಿಡಿದು ಮಾಡಿದ ಲೆಕ್ಕ ಅದು. ಮಡಿಕೇರಿ ಇರುವುದು ಸುಮಾರು 1150 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿಯ ಒತ್ತಡ ಸಮುದ್ರದ ದಡದಲ್ಲಿ ಇರುವುದಕ್ಕಿಂತ ಎಂಟನೇ ಒಂದು ಪಾಲಿನಷ್ಟು ಕಡಿಮೆ. ಮಾಂದಲಪಟ್ಟಿ ಇನ್ನೂ ಮೇಲೆ. ಅಂದರೆ ಕೊಡಗಿನವರು ಡೈವ್ ಮುಗಿಸಿ ಮನೆಗೆ ಬರುವುದೂ ಒಂದು ಥರ ವಿಮಾನ ಹತ್ತಿದ ಹಾಗೆಯೇ. ಆದರೆ ಪುಸ್ತಕದಲ್ಲಿ, ಪಾಠದಲ್ಲಿ, ಆಳ, ಸಮಯ ಲೆಕ್ಕ ಹಾಕಲು ಕೈಗೆ ಕಟ್ಟುವ ಡೈವ್ ಕಂಪ್ಯೂಟರಿನಲ್ಲಿ, ಈ ಕಾಯುವಿಕೆಗೆ ಸಾಮಾನ್ಯವಾಗಿ ವಿಮಾನದ ಚಿತ್ರವೇ ಇರುತ್ತದೆ. ಅದಕ್ಕೆ ಬೆಟ್ಟದ ಚಿತ್ರ ಹಾಕಿದ್ದನ್ನು ನಾನು ಕಂಡಿಲ್ಲ.

ಇದರಲ್ಲಿ ಉತ್ಪ್ರೇಕ್ಷೆ ಬೇಡ. ಜಾಸ್ತಿ ಆಳವಿಲ್ಲದ ಎರಡು ಡೈವ್ ಮಾಡಿ ಸಂಜೆ ಘಾಟಿ ಹತ್ತಿದ ಬಹಳ ಜನರಿಗೆ ಏನೂ ಆಗಿರಲಿಕ್ಕಿಲ್ಲ. ಅಪಾಯ ಸಣ್ಣದು. ಆದರೆ ಆಗಿಬಿಟ್ಟರೆ ದೊಡ್ಡದು. ತಪ್ಪಿಸುವುದಕ್ಕೆ ಬೇಕಾದದ್ದು ಒಂದು ರಾತ್ರಿ. ಅವರಿಗೆ ವಿಷಯವೇ ಗೊತ್ತಿಲ್ಲ, ಪ್ಲಾನ್ ಬದಲಾಯಿಸಲು ಸಮಯ ಇನ್ನೂ ಇದೆ, ಮತ್ತೆ ಅದನ್ನು ಹೇಳಬಲ್ಲವರು ಆ ಜಗಲಿಯಲ್ಲಿ ನಾನೊಬ್ಬಳೇ. ಇಷ್ಟು ಕೂಡಿಬಂದ ಮೇಲೆ ಸುಮ್ನೆ ಕೂರುವುದು ಮರ್ಯಾದೆ ಅನ್ನಿಸಿಕೊಳ್ಳುವುದಿಲ್ಲ.

ಆದರೂ ಅಲ್ಲೇ ಹೇಳಲಿಲ್ಲ. ಹುಡುಗಿಯ ಅಮ್ಮ ಎರಡು ಮಾರು ದೂರದಲ್ಲಿ ಇದ್ದರು. ನೀರಿನೊಳಗೆ ಹೋಗುವುದೇ ಅವರಿಗೆ ಇಷ್ಟವಿರಲಿಲ್ಲ ಎಂದು ಮಾತಿನಲ್ಲೇ ಗೊತ್ತಾಗುತ್ತಿತ್ತು. ಅಷ್ಟು ಜನರ ಎದುರು ‘ಹಾಗೆ ಮಾಡಿದ್ರೆ ಕೈಕಾಲು ಬೀಳಬಹುದು’ ಅಂದಿದ್ದರೆ ಆ ಮನೆಯಲ್ಲಿ ಡೈವಿಂಗ್ ಅವತ್ತಿಗೇ ಮುಗಿಯುತ್ತಿತ್ತು. ಮಕ್ಕಳಾದ ಮೇಲೆ ತನಗಾಗಿ ಏನೋ ಒಂದು ಕಲಿತ ಹುಡುಗಿಗೆ ನಾನೇ ಅದನ್ನು ತಪ್ಪಿಸಿದ ಹಾಗಾಗುತ್ತಿತ್ತು. ಎರಡು ದಿನ ಇರುವಾಗ ಅರ್ಧ ಗಂಟೆ ಕಾಯುವುದರಿಂದ ಏನೂ ಕೆಡುವುದಿಲ್ಲ. ಪಂದಿ ಕರಿ, ಕಡಂಬುಟ್ಟು ಎಲ್ಲ ಮುಗಿದು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಇಬ್ಬರೂ ಸಿಕ್ಕರು.

ನಾನೂ ಡೈವ್ ಮಾಡುತ್ತೇನೆ ಎಂದು ಹೇಳಿಕೊಂಡೆ. ಖುಷಿಪಟ್ಟರು. ಆಮೇಲೆ ಕೇಳಿದೆ, “ಡೈವ್ ಮುಗಿದ ಮೇಲೆ ಕಂಪ್ಯೂಟರಲ್ಲಿ ವಿಮಾನದ ಗುರುತು ಬರುತ್ತಲ್ಲ, ಅದು ಎಷ್ಟು ಹೊತ್ತು ಇರುತ್ತೆ ನೋಡಿದ್ದೀರಾ?”

“ನೋಡಿದ್ದೀನಿ ಅಕ್ಕ. ಆದ್ರೆ ನಾವು ಫ್ಲೈಟ್ ಹತ್ತಲ್ಲ, ಕಾರಲ್ಲೇ ಬರೋದು,” ಅಂದ.

“ಕಾರು ಘಾಟಿ ಹತ್ತುತ್ತಲ್ಲ.”

ಅವನಿಗೆ ಅರ್ಥವಾಗಲಿಲ್ಲ. ಅಲ್ಲೇ ಅವರ ದೊಡ್ಡ ಮಗ ಮಂಗಳೂರಿನ ನೆಂಟರು ತಂದಿದ್ದ ಚಿಪ್ಸ್ ಪ್ಯಾಕೆಟ್ ಹಿಡಿದುಕೊಂಡು ನಿಂತಿದ್ದ. ಇನ್ನೂ ಒಡೆದಿರಲಿಲ್ಲ. ಎರಡೂ ಕಡೆ ಉಬ್ಬಿ, ಅಂಚಿನ ನೆರಿಗೆಯೆಲ್ಲ ಬಿಗಿದು, ಬೆರಳಿನಿಂದ ತಟ್ಟಿದರೆ ಸದ್ದು ಬರುವ ಹಾಗಿತ್ತು. “ಇದು ಮಂಗಳೂರಿನ ಅಂಗಡೀಲಿ ಹೀಗೆ ಉಬ್ಬಿರಲಿಲ್ಲ,” ಅಂದೆ. ಹುಡುಗಿ ಪ್ಯಾಕೆಟನ್ನು ಕೈಗೆ ತಗೊಂಡು ಒತ್ತಿ ನೋಡಿದಳು. ಸಂಪಾಜೆಯಿಂದ ಮೇಲೆ ಬರುವಾಗ ಮದೆನಾಡು ಹತ್ತಿರ ಕಿವಿ ಕಟ್ಟಿಕೊಳ್ಳುವುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. “ಹೌದಲ್ವಾ,” ಅಂದಳು ಗಂಡನ ಮುಖ ನೋಡಿ.

ಅವನ ಮುಖ ಸ್ವಲ್ಪ ಬಿಗಿಯಿತು. “ನಮ್ಮ ಇನ್‌ಸ್ಟ್ರಕ್ಟರ್ ಇದೆಲ್ಲ ಹೇಳಿಲ್ಲ,” ಅಂದ. ಅವನ ತಪ್ಪಲ್ಲ. ದ್ವೀಪದಲ್ಲಿ ಕಲಿತವರು ಡೈವ್ ಮುಗಿಸಿ ರೂಮಿಗೆ ನಡೆದುಕೊಂಡು ಹೋಗುತ್ತಾರೆ. ಅಲ್ಲಿ ಕೇಳುವ ಎತ್ತರ ಅಂದರೆ ವಾಪಸ್ ಹೋಗುವ ವಿಮಾನ ಒಂದೇ. “ನನ್ನ ಮಾತೇ ಆಗಬೇಕಂತಿಲ್ಲ,” ಅಂದೆ. “ನಿಮ್ಮ ಪುಸ್ತಕದಲ್ಲಿ ಎತ್ತರದ ಜಾಗಕ್ಕೆ ಹೋಗೋದರ ಬಗ್ಗೆ ಇರುತ್ತೆ, ನೋಡಿ. ಶನಿವಾರ ಕರ್ಕೊಂಡು ಹೋಗೋರಿಗೆ ಇವತ್ತೇ ಫೋನ್ ಮಾಡಿ ಕೇಳಿ. ಎರಡು ಡೈವ್ ಆದ ದಿನವೇ ಮಡಿಕೇರಿಗೆ ಹೋಗಬಹುದಾ ಅಂತ ಇಷ್ಟೇ ಕೇಳಿ.”

ಹುಡುಗಿಯ ಚಿಂತೆ ಬೇರೆ ಇತ್ತು. “ಚಿಕ್ಕವಳು ರಾತ್ರಿ ನಾನಿಲ್ದೆ ಮಲಗಲ್ಲ ಅಕ್ಕ. ಒಂದು ರಾತ್ರಿ ಅಂತಾನೇ ಒಪ್ಪಿಸಿದ್ದೀನಿ. ಎರಡು ರಾತ್ರಿ ಅಂದ್ರೆ ಅಮ್ಮನಿಗೂ ಕಷ್ಟ.”

ಇದನ್ನು ಕೇಳಿದ ಮೇಲೆ 18 ಗಂಟೆ ಎಂದು ಹೇಳಿ ಕೈತೊಳೆದುಕೊಂಡರೆ ಆಗುವುದಿಲ್ಲ ಅನ್ನಿಸಿತು. ಜನ ಸುರಕ್ಷತೆಯ ಮಾತು ಕೇಳದೇ ಇರುವುದು ಬಹಳ ಸಲ ಹಟದಿಂದಲ್ಲ. ಕೇಳಿದರೆ ಮನೆಯ ಏರ್ಪಾಡು ತಲೆಕೆಳಗಾಗುತ್ತದೆ, ಅದಕ್ಕೆ. ಮೂವರೂ ಕೂತು ದಾರಿ ಲೆಕ್ಕ ಹಾಕಿದೆವು. ಘಾಟಿ ಶುರುವಾಗುವುದು ಸುಳ್ಯ ದಾಟಿದ ಮೇಲೆ. ಪುತ್ತೂರು, ಸುಳ್ಯ ಎಲ್ಲ ತಗ್ಗಿನಲ್ಲೇ ಇವೆ. ಅಲ್ಲಿ ರಾತ್ರಿ ಉಳಿದರೆ ತೊಂದರೆ ಇಲ್ಲ. ಎರಡನೇ ಡೈವ್ ಹನ್ನೊಂದೂವರೆಗೆ ಮುಗಿದರೆ ಮರುದಿನ ಬೆಳಿಗ್ಗೆ ಐದೂವರೆಗೆ 18 ಗಂಟೆ ಆಗುತ್ತದೆ. ತಿಂಡಿ ತಿಂದು ಹೊರಟರೆ ಸುಳ್ಯದಿಂದ ಮಡಿಕೇರಿ ಸುಮಾರು ಒಂದೂವರೆ ಗಂಟೆ. ಹಾಗೆ ಹೇಳುತ್ತಿರುವಾಗಲೇ ಅವಳಿಗೆ ನೆನಪಾಯಿತು, ಸುಳ್ಯದಲ್ಲಿ ಚಿಕ್ಕಮ್ಮನ ಮನೆ ಇದೆ! ಶನಿವಾರ ಮಧ್ಯಾಹ್ನ ಅಮ್ಮ ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಬಂದರೆ ಆಯಿತು. ತಂಗಿಯ ಮನೆಗೆ ಹೋಗುವುದಕ್ಕೆ ಅಮ್ಮ ಬೇಡ ಅನ್ನುವವರಲ್ಲ. ಭಾನುವಾರದ ಮಾಂದಲಪಟ್ಟಿ ಮಾತ್ರ ಬಿಡಬೇಕಾಯಿತು. ಅದಕ್ಕೆ ಅವನು ಸ್ವಲ್ಪ ಬೇಜಾರು ಮಾಡಿಕೊಂಡ.

ಇನ್ನೊಂದು ಮಾತು ನನ್ನ ನಾಲಿಗೆ ತುದಿಯಲ್ಲೇ ಇತ್ತು. ಕೋರ್ಸ್ ಮುಗಿಸಿದ ಹೊಸದರಲ್ಲಿ ಕ್ಯಾಮೆರಾ ಹಿಡಿದು ಇಳಿದರೆ ಗಮನವೆಲ್ಲ ಪರದೆಯ ಮೇಲೆ ಹೋಗುತ್ತದೆ. ಗೇಜ್ ನೋಡುವುದು ತಪ್ಪುತ್ತದೆ, ಜೊತೆಯವರು ಎಲ್ಲಿದ್ದಾರೆ ಎಂಬುದು ತಪ್ಪುತ್ತದೆ, ತಿಳಿಯದೆ ಮೇಲಕ್ಕೋ ಕೆಳಕ್ಕೋ ತೇಲಿಹೋಗುತ್ತಾರೆ. ಹೇಳಲಿಲ್ಲ. ಶನಿವಾರ ಪಕ್ಕದಲ್ಲಿ ಗೈಡ್ ಇರುತ್ತಾರೆ, ಅದು ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಘಾಟಿ ಹತ್ತುವಾಗ ಗೈಡ್ ಇರುವುದಿಲ್ಲ. ಒಂದೇ ದಿನ ಎರಡು ಬುದ್ಧಿಮಾತು ಹೇಳಿದ್ದರೆ ಮೊದಲಿನದೂ ಉಳಿಯುತ್ತಿರಲಿಲ್ಲವೇನೋ. ಫೋನ್ ನಂಬರ್ ಕೊಟ್ಟು ಬಂದೆ.

ಭಾನುವಾರ ಬೆಳಿಗ್ಗೆ ಸುಳ್ಯದಿಂದ ಅವಳ ಮೆಸೇಜ್ ಬಂತು. ಇಬ್ಬರಿಗೂ ಏನೂ ತೊಂದರೆಯಿಲ್ಲ, ನೋವಿಲ್ಲ, ಮಕ್ಕಳು ಚಿಕ್ಕಮ್ಮನ ಮನೆಯಿಂದ ಹೊರಡಲು ಒಪ್ಪುತ್ತಿಲ್ಲ ಅಂತ. ದೋಣಿಯಲ್ಲಿ ಮೈಸೂರು, ಹಾಸನ, ಚಿಕ್ಕಮಗಳೂರು ಕಡೆಯವರೂ ಇದ್ದರಂತೆ. ಎಲ್ಲರೂ ಅಂದೇ ರಾತ್ರಿ ಮೇಲಕ್ಕೆ ಹೋಗುವವರು. ಅವರಿಗೆ ಹೇಳಲಾ ಬೇಡವಾ ಎಂದು ಒದ್ದಾಡಿ, ಕೊನೆಗೆ ಅವಳು ಗೈಡ್‌ಗೆ ಹೇಳಿದಳಂತೆ. ದಡಕ್ಕೆ ಬರುವ ದಾರಿಯಲ್ಲಿ ಗೈಡ್ ಎಲ್ಲರಿಗೂ ಸೇರಿಸಿ ವಿಷಯ ತಿಳಿಸಿದರಂತೆ.

ಮುಂದಿನ ವಾರ ಗಂಡ ಫೋನ್ ಮಾಡಿದ. ಫೋಟೋ ಒಂದೂ ಸರಿ ಬಂದಿಲ್ಲ, ಕ್ಯಾಮೆರಾ ಹಿಡಿದರೆ ನೀರಲ್ಲಿ ಒಂದು ಕಡೆ ನಿಲ್ಲಲು ಆಗುತ್ತಿಲ್ಲ, ಏನು ಮಾಡಲಿ ಅಕ್ಕ ಎಂದು ಕೇಳಿದ. ಈಗ ಕೇಳಿದ್ದು ಅವನೇ. ಮುಂದಿನ ಸಲ ಮೊದಲ ಡೈವ್ ಕ್ಯಾಮೆರಾ ಇಲ್ಲದೆ ಮಾಡು, ಕೈಕಾಲು ಆಡಿಸದೆ ಬರೀ ಉಸಿರಿನಲ್ಲೇ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ರೂಢಿಸಿಕೋ, ಆಮೇಲೂ ಪ್ರತಿ ಫೋಟೋ ತೆಗೆದ ಮೇಲೆ ಮೊದಲು ಗೇಜ್ ನೋಡು, ಆಮೇಲೆ ಹೆಂಡತಿ ಎಲ್ಲಿದ್ದಾಳೆ ನೋಡು ಅಂದೆ. ಅವತ್ತು ಬಹಳ ಹೊತ್ತು ಮಾತಾಡಿದೆವು.